ತಾಯಿಯ ತವರು ಕೇಳುತ್ತಿದ್ದ ಡಾಕ್ಟರಮ್ಮ

ಕಿವಿ ಡಾಕ್ಟರಮ್ಮನ ಎಡಮೊಣಕೈ ಮೇಲೆ ಜಡ್ಡುಗಟ್ಟಿದ ಕಪ್ಪು ಗುರುತೊಂದಿತ್ತು. ದಿನವಿಡೀ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ಅಲ್ಲಿಗೇ ಬಡಿದು, ಅದು ಜುಂಯ್ ಎನ್ನುವಾಗಲೇ ರೋಗಿಯ ಕಿವಿಯ ಬಳಿ ಹಿಡಿಯುತ್ತಿದ್ದರು. ರಬ್ಬರಿಗೆ ಬಡಿಯಬಾರದೇ ಎಂದರೆ, "ಅದನ್ನ ಯಾರು ಹುಡುಕ್ತಾ ಕೂರ್ತಾರೆ? ಮೊಣಕೈ ಎಲ್ಲೂ ಹೋಗಲ್ಲ" ಎನ್ನುತ್ತಿದ್ದರು.

ಪಾಂಡವಪುರದ ಅವರ ಶಾಪಿಗೆ, ಅಂದರೆ ಕ್ಲಿನಿಕ್ಕಿಗೆ, ನಾಗಮಂಗಲ, ಕೆ.ಆರ್. ಪೇಟೆಯಿಂದೆಲ್ಲ ಜನ ಬರುತ್ತಿದ್ದರು. ಪ್ರತಿಯೊಬ್ಬರ ವಿವರವನ್ನೂ ರಟ್ಟಿನ ಚೀಟಿಯಲ್ಲಿ ಬರೆದು, ತಾಯಿಯ ತವರೂರಿನ ಪ್ರಕಾರ ಜೋಡಿಸಿಡುತ್ತಿದ್ದರು. ಅಪ್ಪನ ಹೆಸರು ಹೇಳಲು ಬಾಯಿ ತೆರೆದರೆ, "ಅದಿರ್ಲಿ, ನಿಮ್ಮ ತಾಯಿ ಯಾವೂರಿನವರು?" ಎಂಬ ಪ್ರಶ್ನೆ. ಗಂಡಸರು ಮುಸಿಮುಸಿ ನಗುತ್ತಿದ್ದರು. ತಾಯಿಯ ಕಡೆಯಿಂದಲೇ ಇಳಿದುಬರುವ ಒಂದು ದೋಷವಿದೆ, ಅಂಥವರ ಕಿವಿಗೆ ಕೆಲವು ಔಷಧ ಆಗಿಬರುವುದಿಲ್ಲ ಎಂಬ ಅವರ ಗುಮಾನಿಯನ್ನು ಆ ಚೀಟಿಗಳೇ ಗಟ್ಟಿ ಮಾಡಿದ್ದವು.

ತೊಂಬತ್ತರ ದಶಕದ ಮಾತು. ನಾನು ಶ್ರೀರಂಗಪಟ್ಟಣದ ಶಾಲೆಗೆ ಟೀಚರಾಗಿ ಸೇರಿದ್ದ ಹೊಸತು. ವಾಸಿಯಾಯಿತೆಂದುಕೊಂಡಿದ್ದ ಟಿ.ಬಿ. ಮರುಕಳಿಸಿತು. ಆಸ್ಪತ್ರೆಯ ಡಾಕ್ಟರು ಸೂಜಿ ಬರೆದು, ಶುರು ಮಾಡುವ ಮುಂಚೆ ಕಿವಿ ತೋರಿಸಿಕೊಂಡು ಬಾ ಎಂದರು. ಅದು ಡಾಕ್ಟರಮ್ಮ ಕಾಡಿ ಬೇಡಿ ಮಾಡಿಸಿದ್ದ ಏರ್ಪಾಡು.

ಅವ್ವನೂ ಜೊತೆಗೆ ಬಂದಳು. ನನಗೆ ಗಂಡು ನೋಡುತ್ತಿದ್ದ ಕಾಲ. ಸೋದರಮಾವನ ವಿಷಯ ಎತ್ತಕೂಡದೆಂದು ಬಸ್ಸಿನಲ್ಲೇ ನನಗೆ ತಾಕೀತಾಗಿತ್ತು.

"ನಿಮ್ಮ ತವರಲ್ಲಿ ಯಾರಿಗಾದ್ರೂ ಕಿವಿ ಕೇಳಲ್ವೇನಮ್ಮ?" ಎಂದರು ಡಾಕ್ಟರಮ್ಮ.

"ಇಲ್ಲ ಕಣ್ರವ್ವ, ನಮ್ ವಂಸದಲ್ಲೇ ಇಲ್ಲ" ಎಂದಳು ಅವ್ವ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ರಾಗಿ, ಎಮ್ಮೆ, ಹಾಲಿನ ಡೈರಿ ಎಂದೆಲ್ಲ ಮಾತಾಡುತ್ತ, "ತವರಲ್ಲಿ ಊಟಕ್ಕೆ ಕರೆಯೋವಾಗ ಯಾರ ಭುಜ ತಟ್ಟಬೇಕು?" ಎಂದರು.

"ನಮ್ ತಮ್ಮುಂದು" ಎಂದುಬಿಟ್ಟಳು ಅವ್ವ. ಹೇಳಿದ ಮೇಲೆ ಸೆರಗು ಬಾಯಿಗೆ ಹೋಯಿತು.

"ಯಾವಾಗಿಂದಮ್ಮ?"

"ಎದೆ ಕಾಯ್ಲೆಗೆ ಸೂಜಿ ಆಕುಸ್ದಾಗ್ಲಿಂದ. ಕಾಯ್ಲೆ ವಾಸಿಯಾಯ್ತು, ಕಿವಿ ಒಂಟೋಯ್ತು."

ಡಾಕ್ಟರಮ್ಮ ಅವ್ವನ ತಾಯಿಯ ತವರೂರು ಕೇಳಿ, ಆ ಊರಿನ ಚೀಟಿಗಳನ್ನು ತೆಗೆದರು. ಅವ್ವನ ದೊಡ್ಡವ್ವನ ಮಕ್ಕಳಿಬ್ಬರವೂ ಅವುಗಳಲ್ಲಿದ್ದವು. ಅದೇ ಸೂಜಿ, ಅದೇ ಕಿವುಡು. ಶಾಪಿನ ಬಾಗಿಲು ಹಾಕಿ ನಮ್ಮ ಜೊತೆಯಲ್ಲೇ ಆಸ್ಪತ್ರೆಗೆ ಹೊರಟರು.

ಅಲ್ಲಿಯ ಡಾಕ್ಟರು ಸುಲಭಕ್ಕೆ ಒಪ್ಪಲಿಲ್ಲ. ಆ ದೋಷ ಇದೆ ಅಂತ ಪರೀಕ್ಷೆ ಮಾಡಿಸದೆ ಹೇಗೆ ಹೇಳ್ತೀರಿ ಎಂದರು.

"ಆ ಪರೀಕ್ಷೆ ನಮ್ಮ ಕಡೆಗಿನ್ನೂ ಬಂದಿಲ್ಲ. ಬರೋವರೆಗೂ ಈ ಹುಡುಗಿ ಕಿವಿ ಕಾಯಲ್ಲ. ಕಿವಿ ಹೋದ ಟೀಚರು ಪಾಠ ಹೇಗೆ ಮಾಡ್ತಾಳೆ, ನೀವೇ ಹೇಳಿ" ಎಂದರು ಡಾಕ್ಟರಮ್ಮ.

ಸೂಜಿ ತಪ್ಪಿತು, ಬೇರೆ ಮಾತ್ರೆ ಬಂತು. ಹೊಟ್ಟೆ ತೊಳಸುವ ಆ ದರಿದ್ರ ಮಾತ್ರೆಯನ್ನು ಡಾಕ್ಟರಮ್ಮನನ್ನು ಬೈದುಕೊಂಡೇ ನುಂಗಿದೆ. ಕಾಯಿಲೆ ಹೋಯಿತು, ಕಿವಿ ಉಳಿಯಿತು. ನಾಳೆ ಮಕ್ಕಳಾದರೆ ಅವರಿಗೂ ಈ ಜಾತಿಯ ಸೂಜಿ ಬೇಡ ಎಂದು ನನಗೂ ಅವ್ವನಿಗೂ ಒತ್ತಿ ಹೇಳಿದರು. ನನ್ನ ಮಾವನನ್ನೂ ಕರೆಸಿ ನೋಡಿದರು, ಆದರೆ ಹೋದ ಕಿವಿಯನ್ನು ತರಲು ಅವರಿಂದಾಗಲಿಲ್ಲ.

ಡಾಕ್ಟರಮ್ಮ ತೀರಿಕೊಂಡಾಗ ನಾನು ತುಂಬಿದ ಬಸುರಿ, ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ಮಗಳು ಹುಟ್ಟಿದ ವಾರದಲ್ಲೇ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದೆವು. ನರ್ಸು ಸೂಜಿ ಹಿಡಿದು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಡ್ಡ ನಿಂತಳು.

"ಯಾವ್ ಸೂಜಿ ಅಂತ ಮೊದ್ಲು ಡಾಕ್ಟ್ರನ್ನ ಕೇಳ್ಕೊಂಡ್ ಬಾರವ್ವ. ನಮ್ ತವರ್ನೋರ್ಗೆ ಕೆಲವು ಆಗಿಬರಕಿಲ್ಲ. ನನ್ ತಮ್ಮ ಕಿವುಡ, ಅದ್ರಿಂದ್ಲೇ ಆಗಿದ್ದು."

ಪಕ್ಕದಲ್ಲೇ ಬೀಗರು ನಿಂತಿದ್ದರು.