ಗೆರೆಗಳಿಲ್ಲದ ಜಾಗ

ಅವರ ಬಲಗಣ್ಣಿನ ಸುತ್ತ ರಬ್ಬರಿನ ಅಚ್ಚು ಬಳೆಯಂತೆ ಕೆಂಪಗೆ ಮೂಡಿರುತ್ತಿತ್ತು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣೊತ್ತಿ ಕೂರುವವರಿಗೆ ಅದು ತಪ್ಪಿದ್ದಲ್ಲ. ಊಟದ ಡಬ್ಬಿ ತೆರೆದಾಗಲೂ ಎಡಗಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತಿತ್ತು. "ಉಪ್ಪಿನಕಾಯಿನೂ ಟೆಸ್ಟ್ ಮಾಡ್ತೀರಾ ಮೇಡಂ?" ಎಂದು ನಾನು ರೇಗಿಸಿದರೆ, "ನಿಮ್ಮನೇದಾದ್ರೆ ಮಾಡ್ಲೇಬೇಕಣ್ಣ" ಎನ್ನುತ್ತಿದ್ದರು.

ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ನಮ್ಮದು ಕ್ಯಾಮೆರಾ ಲೆನ್ಸ್ ಜೋಡಿಸುವ ಸಣ್ಣ ಕಾರ್ಖಾನೆ. ಅವರು ಪರೀಕ್ಷಾ ವಿಭಾಗದ ಮೇಲ್ವಿಚಾರಕಿ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಪರೀಕ್ಷೆಯ ಚಾರ್ಟಿನ ಮೇಲೆ ಕಪ್ಪು ಗೆರೆಗಳು ಸಣ್ಣಗಾಗುತ್ತ, ಒತ್ತೊತ್ತಾಗುತ್ತ ಹೋಗುತ್ತವೆ. ಲೆನ್ಸಿನ ಮೂಲಕ ನೋಡಿ, ಎಲ್ಲಿಯವರೆಗೆ ಅವು ಬೇರೆಬೇರೆ ಕಾಣುತ್ತವೆ, ಎಲ್ಲಿ ಕಲೆತು ಬೂದಾಗುತ್ತವೆ ಎಂದು ಹೇಳುವುದು ನನ್ನ ಕೆಲಸ. ಕೊನೆಯ ಸಾಲು ಬಿಡಿಯಾಗಿ ಕಂಡರೆ ಲೆನ್ಸ್ ಪಾಸು.

ಪಾಸಾದ ಲೆನ್ಸುಗಳು ಮಂಜೆಂದು ವಾಪಸು ಬರತೊಡಗಿದವು. ಪಕ್ಕದ ಶೆಡ್ಡಿನ ಪ್ರೆಸ್ ಬಡಿದಾಗಲೆಲ್ಲ ಮೇಜು ಅದುರುತ್ತದೆಂದು ಅವರು ಅಲ್ಲಿಗೆ ಹೋಗಿ ಜಗಳವಾಡಿದರು. ಮೇಜಿನ ಕಾಲಡಿ ರಬ್ಬರ್ ಇಟ್ಟರು, ಬಲ್ಬು ಬದಲಿಸಿದರು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ನನ್ನ ಕಣ್ಣೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದರು. ನನಗೆ ಪೊರೆ ಬಂದಿತ್ತು. ಕೊನೆಯ ಸಾಲು ಇರುವ ಜಾಗ ಗೊತ್ತಿತ್ತು, ಕಂಡಿತು ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಪಕ್ಕದಲ್ಲಿ ನಿಂತು ಕೇಳಿದರು: "ಕೊನೇ ಸಾಲು?"

"ಬೇರೆಬೇರೆ ಕಾಣ್ತಿದೆ ಮೇಡಂ."

"ಅಲ್ಲಿ ಗೆರೆನೇ ಇಲ್ಲಣ್ಣ. ಬೂದು ಕಾಗದ ಅಂಟ್ಸಿದೀನಿ."

ನಾನು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. ಅವರೇ ದನಿ ತಗ್ಗಿಸಿದರು. "ಆಪರೇಷನ್ ಮಾಡಿಸ್ಕೊಳ್ಳಿ. ಓನರ್‌ಗೆ ನೀವೇ ಹೇಳ್ಬಿಡಿ. ನಾನ್ ಹೇಳಿದ್ರೆ ನಿಮ್ಮನ್ನ ಕೆಲಸದಿಂದ ತೆಗೀತಾರೆ, ನೀವ್ ಹೇಳಿದ್ರೆ ಪ್ಯಾಕಿಂಗಿಗಾದ್ರೂ ಹಾಕ್ತಾರೆ."

ನಾಳೆ ಎಂದೆ. ಮರುದಿನವೂ ನಾಳೆ ಎಂದೆ. ಆ ದಿನಗಳಲ್ಲಿ ನಾನು ನೋಡಿದ ಲೆನ್ಸುಗಳನ್ನೆಲ್ಲ ಅವರು ಮತ್ತೆ ನೋಡಿಯೇ ಕಳಿಸುತ್ತಿದ್ದರು. ಆದರೆ ಮೊದಲೇ ಹೋಗಿದ್ದ ಇನ್ನೊಂದು ಪೆಟ್ಟಿಗೆ ವಾಪಸು ಬಂತು. ಮಾಲೀಕರು ಎಲ್ಲರೆದುರು ಗದರಿದರು: "ಪ್ರೆಸ್ಸು, ಬಲ್ಬು ಅಂತ ಕತೆ ಹೊಡೆದ್ರಲ್ಲ ಮೇಡಂ, ಈಗೇನಂತೀರಿ?"

ಅವರು ನನ್ನ ಕಡೆ ನೋಡಿದರು. ನಾನು ಒರೆಸಿದ ಲೆನ್ಸನ್ನೇ ಮತ್ತೆ ಒರೆಸುತ್ತಿದ್ದೆ.

"ನನ್ ಸೆಕ್ಷನ್ ತಪ್ಪು ಸಾರ್" ಎಂದರು. ಆ ತಿಂಗಳೇ ಅವರನ್ನು ಕೆಲಸದಿಂದ ತೆಗೆದರು.

ನನ್ನ ಹೆಸರು ಹೇಳಬಾರದಿತ್ತೆ? ಈಗಲೂ ಸಿಟ್ಟು ಬರುತ್ತದೆ. ಮೊದಲು ಅವರ ಮೇಲೆ, ಆಮೇಲೆ ನನ್ನ ಮೇಲೆ. ನನ್ನ ಮೇಲಿನದು ಇಳಿಯುವುದಿಲ್ಲ.

ಆಪರೇಷನ್ ಮಾಡಿಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತೆ. ಚಾರ್ಟಿನ ಮೂಲೆಯಲ್ಲಿ ಆ ಬೂದು ಕಾಗದದ ಅಂಟಿನ ಕಲೆ ಹಾಗೇ ಇತ್ತು. ಅದರ ಪಕ್ಕದಲ್ಲೇ ಕೊನೆಯ ಸಾಲಿನ ಗೆರೆಗಳು ಬಿಡಿಬಿಡಿಯಾಗಿ ನಿಂತಿದ್ದವು.

"ಕಾಣ್ತಿದೆ ಮೇಡಂ" ಎಂದುಬಿಟ್ಟೆ.

ಹೊಸ ಮೇಲ್ವಿಚಾರಕ ತಲೆಯೆತ್ತಿ ಕೇಳಿದ: "ಯಾರ್‌ಗೆ ಹೇಳ್ತಿದೀರಿ?"