ಹತ್ತು ಮಷೀನುಗಳ ಶಿವಕುಮಾರಿ

ವಡಾಲ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಒಂದು ಹಳೆಯ ಬಿಲ್ಡಿಂಗು. ಅದರ ನೆಲಮಹಡಿಯಲ್ಲಿ ಶಿವಕುಮಾರಿಯ ಗೇಮಿಂಗ್ ಪಾರ್ಲರ್. ಹತ್ತು ಕಂಪ್ಯೂಟರು, ಹತ್ತು ಕುರ್ಚಿ, ಎಸಿ ಎಂದು ಕರೆಸಿಕೊಳ್ಳುವ ಒಂದು ಗೊರಗೊರ ಪೆಟ್ಟಿಗೆ. ಮದುವೆಯಾಗಿ ತಾಳಿಕೋಟೆಯಿಂದ ಇಲ್ಲಿಗೆ ಬಂದಾಗ ಆಕೆ ಕಂಪ್ಯೂಟರನ್ನು ಮುಟ್ಟಿದವಳೂ ಅಲ್ಲ. ಗಂಡ ಈಶ್ವರ ಅಂಗಡಿಯನ್ನೇನೋ ಉತ್ಸಾಹದಿಂದ ತೆರೆದ. ಮೂರು ತಿಂಗಳಿಗೆ ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಕೀಲಿಕೈಯನ್ನು ಹೆಂಡತಿಯ ಕೈಗಿಟ್ಟು ಶಿಫ್ಟಿಗೆ ಹೊರಟುಬಿಟ್ಟ. ಉತ್ಸಾಹಿಗಳ ಹಣೆಬರಹವೇ ಇಷ್ಟು, ಶುರು ಮಾಡುವುದು ಅವರು, ಏಗುವುದು ಇನ್ನೊಬ್ಬರು.

ಶಿವಕುಮಾರಿ ಹದಿನಾರು ವರ್ಷ ಏಗಿದಳು. ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿತಳು, ಮಷೀನಿನ ಹೊಟ್ಟೆ ಬಿಚ್ಚಿ ಧೂಳು ತೆಗೆಯುವುದನ್ನು ಕಲಿತಳು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹಾಕಿ ತೆಗೆಯುವುದಂತೂ ಆಕೆಗೆ ರೊಟ್ಟಿ ತಟ್ಟಿದಷ್ಟೇ ಸಲೀಸು. ಒಂದು ಆಟವನ್ನೂ ಆಡಿದವಳಲ್ಲ, ಆದರೆ ನೋಡಿದ್ದು ಬೇಕಾದಷ್ಟು. ಮೊದಮೊದಲು ಆಟದ ಸಿಪಾಯಿಯ ಕೈಯೆಂದರೆ ಹಿಟ್ಟಿನ ಮುದ್ದೆ. ಎರಡು ವರ್ಷಕ್ಕೆ ಹೊಸ ಕಾರ್ಡು ಹಾಕಿದಾಗ ಮುದ್ದೆಯಲ್ಲಿ ಐದು ಬೆರಳು ಬಂದವು. ಮತ್ತೆರಡು ವರ್ಷಕ್ಕೆ ಬೆರಳುಗಳಿಗೆ ಉಗುರು ಬಂದವು. ಒಂದೊಂದು ಸಲವೂ ಹುಡುಗರು ಹೋ ಎಂದು ಕುಣಿದರು, ಒಂದೊಂದು ಸಲವೂ ಹಳೆಯ ಕಾರ್ಡುಗಳು ತಂಗಳಾದವು. ಹೊಸದನ್ನು ಹಾಕದ ಪಾರ್ಲರುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

ಈ ವರ್ಷ ಅದೇ ಭಯ ಅವಳ ಬಾಗಿಲಿಗೂ ಬಂತು. ಹೊಸ ಕಾರ್ಡಿನ ಬೆಲೆ ಆಕಾಶ ಮುಟ್ಟಿತ್ತು. ಹತ್ತಕ್ಕೆ ಹತ್ತು ಬದಲಿಸುವುದು ಕನಸಿನ ಮಾತು. ಮೊಬೈಲ್ ಅಂಗಡಿಯ ಸೋಮನಾಥ ಬೇರೆ ಈ ಜಾಗ ತನಗೆ ಕೊಡಿ ಎಂದು ಬೆನ್ನು ಹತ್ತಿದ್ದ. ಶಿವಕುಮಾರಿ ಒಂದು ಉಪಾಯ ಮಾಡಿದಳು. ಒಂದೇ ಒಂದು ಹೊಸ ಕಾರ್ಡು ತಂದು ಒಂದನೇ ಮಷೀನಿಗೆ ಹಾಕುವುದು. ಹುಡುಗರ ಕಣ್ಣಿಗೆ ಫರಕು ಕಂಡರೆ ಪಾರ್ಲರ್ ಮುಚ್ಚುವುದು. ಕಾಣದಿದ್ದರೆ ಹಳೆಯವನ್ನೇ ಇಟ್ಟುಕೊಂಡು ನಡೆಸುವುದು. ಹಬ್ಬ ಮುಗಿದ ಮೇಲಿನ ಸೋಮವಾರ ಉತ್ತರ ಹೇಳುತ್ತೇನೆಂದು ಸೋಮನಾಥನಿಗೆ ಮಾತು ಕೊಟ್ಟಳು.

ಕಾರ್ಡು ಬಂದದ್ದು ಖಂಡೇನವಮಿಯ ಹಿಂದಿನ ದಿನ. ಆಯುಧಪೂಜೆಗೆ ರೈತರ ಮನೆಯಲ್ಲಿ ಕುಡಗೋಲು, ಬಡಗಿಯ ಮನೆಯಲ್ಲಿ ಉಳಿ. ಈ ಮನೆಯಲ್ಲಿ ಪ್ರತಿ ವರ್ಷ ಹತ್ತೂ ಕಾರ್ಡುಗಳನ್ನು ಬಿಚ್ಚಿ, ಒರೆಸಿ, ಹಲಗೆಯ ಮೇಲೆ ಸಾಲಾಗಿ ಮಲಗಿಸಿ ಪೂಜೆ. ಈ ಸಲ ಒಂದನೆಯದರ ಹಳೆಯ ಕಾರ್ಡಿನ ಜಾಗದಲ್ಲಿ ಹೊಸದು. ಹೊಸದು, ಹಳೆಯದು ಎಲ್ಲವೂ ಒಂದೇ ಕಂಪನಿಯವು, ಅದೇ ಕರಿ ಕವಚ, ಅವೇ ಎರಡು ಫ್ಯಾನು. ಗುರುತಿಗೆ ನಂಬರಿನ ಚೀಟಿ ಅಂಟಿಸಿದ್ದಳು. ಅತ್ತೆ ಸುಂದ್ರವ್ವ, ದೇವರ ಮೈಮೇಲೆ ಇದೇನು ಕಸ ಎಂದು ಚೀಟಿಗಳನ್ನೆಲ್ಲ ಕಿತ್ತು, ಕವಚಗಳ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಹೂವು ಹೇರಿಬಿಟ್ಟಳು. ಶಿವಕುಮಾರಿ ತಲೆ ಕೆಡಿಸಿಕೊಳ್ಳಲಿಲ್ಲ. ಬಲಗಡೆಯ ತುದಿಯದು ಹೊಸದು, ಅಷ್ಟು ಗೊತ್ತಿದ್ದರೆ ಸಾಕಲ್ಲ? ಮರುದಿನ ಬಲಗಡೆಯದನ್ನು ಒಂದನೇ ಮಷೀನಿಗೆ ಹಾಕಿ, ಉಳಿದವನ್ನು ಸಾಲಿನಂತೆ ಹಾಕುತ್ತ ಹೋದಳು. ವಿಭೂತಿಯನ್ನು ಒರೆಸಲು ಮನಸ್ಸು ಬರಲಿಲ್ಲ.

ಆಮೇಲಿನ ವಾರ ಆಕೆಯ ಜೀವ ಹಿಂಡಿತು. ಹೊಸ ಕಾರ್ಡು ಅಲ್ಲಿದೆಯೆಂದು ಕೇಳಿ ಒಂದನೇ ಮಷೀನಿಗೆ ನೂಕುನುಗ್ಗಲು. ಕಾಲೇಜಿನ ಶೀತಲ, ಇಡೀ ಪಾರ್ಲರಿನಲ್ಲಿ ಒಳ್ಳೆಯ ಆಟಗಾರ್ತಿ, ಕುರ್ಚಿ ಬಿಟ್ಟು ಏಳಲೇ ಒಲ್ಲಳು.

"ಆಂಟಿ, ಕ್ಯಾ ಸ್ಮೂತ್ ಹೈ! ನೀರು ನೋಡಿ, ಏಕದಮ್ ನೀರು!"

ಜಾಗ ಸಿಗದೆ ಹತ್ತನೇ ಮಷೀನಿಗೆ ಕೂತ ಅನಿಲ ದಿನಾ ಸೋತು ದಿನಾ ಗೊಣಗಿದ. "ಈ ಡಬ್ಬಾದಾಗ ಏನ್ ಆಡೂದ್ರಿ ಮೌಶಿ? ಎಲ್ಲಾ ಅಟಕ್ತದ, ನಡುವ ನಿಂತೇಬಿಡ್ತದ."

ಶಿವಕುಮಾರಿ ಒಂದನೇ ಪರದೆಯನ್ನೂ ಹತ್ತನೇ ಪರದೆಯನ್ನೂ ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ಇಲ್ಲೂ ಉಗುರು, ಅಲ್ಲೂ ಉಗುರು. ತನ್ನ ಕಣ್ಣಿಗೇ ವಯಸ್ಸಾಯಿತೆಂದುಕೊಂಡಳು. ಭಾನುವಾರ ಮಧ್ಯಾಹ್ನ ಊಟದ ತಾಟನ್ನು ಹಾಗೇ ಸರಿಸಿ, ಅತ್ತೆಯೊಂದಿಗೆ ಅಂಗಡಿಯಲ್ಲಿ ಕೂತಳು. ಹದಿನಾರು ವರ್ಷದ ಕೆಲಸ ನಾಳೆಗೆ ಮುಗಿಯುತ್ತದೆ.

ಅಷ್ಟರಲ್ಲಿ ಕಾರ್ಡು ಮಾರಿದ ಕಿಶೋರ ಬಂದ. ವಾರಂಟಿಗೆ ಕಾರ್ಡಿನ ಮೇಲಿನ ನಂಬರು ಬರೆದುಕೊಳ್ಳಬೇಕಿತ್ತು. ಶೀತಲಳನ್ನು ಎಬ್ಬಿಸಿ, ಒಂದನೇ ಮಷೀನು ಬಿಚ್ಚಿ, ವಿಭೂತಿ ಒರೆಸಿದ.

"ವೈನಿ, ಇದು ನಾ ಕೊಟ್ಟಿದ್ದಲ್ಲ. ಇದು ಆರು ವರ್ಷದ ಹಳೇದು."

ಶಿವಕುಮಾರಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಹಾಗಾದರೆ ಹೊಸದೆಲ್ಲಿ? ಒಂದೊಂದೇ ಮಷೀನು ಬಿಚ್ಚುತ್ತ ಹೋದರು. ಕೊನೆಗೆ ಸಿಕ್ಕಿದ್ದು ಹತ್ತನೆಯದರಲ್ಲಿ, ಅನಿಲ ವಾರವೆಲ್ಲ ಬೈದ ಡಬ್ಬಾದಲ್ಲಿ.

"ಅತ್ತಿ, ಪೂಜಿ ಆದಮ್ಯಾಲ ಹಲಗಿ ಮುಟ್ಟಿದ್ರೇನು?"

"ಮುಟ್ಟದ ಏನ ಮಾಡ್ಲಿ?" ಸುಂದ್ರವ್ವ ಜೋರು ಮಾಡಿದಳು. "ದಕ್ಷಿಣಕ್ಕ ಮಾರಿ ಮಾಡಿ ಮಲಗ್ಸಿದ್ದಿ. ದೇವರನ್ನ ಹಂಗ ಇಡ್ತಾರೇನು? ಹಲಗೀನ ಸುತ್ತ ತಿರುವಿ ಉತ್ತರಕ್ಕ ಮಾಡಿದ್ನಿ."

ಬಲ ಎಡವಾಗಿತ್ತು, ಎಡ ಬಲವಾಗಿತ್ತು. ಹೂವು ಮುಚ್ಚಿದ್ದರಿಂದ ಯಾರಿಗೂ ತಿಳಿದಿರಲಿಲ್ಲ.

ಶೀತಲಳ ಮುಖ ಕೆಂಪಾಯಿತು. ಹತ್ತನೆಯದಕ್ಕೆ ಹೋಗಿ ಕೂತು, ಕಾಲು ಗಂಟೆ ಆಡಿ, ಒಂದನೆಯದಕ್ಕೆ ಮರಳಿ ಆಡಿ, ಮೆಲ್ಲಗೆ ಹೇಳಿದಳು: "ಸೇಮ್ ಹೈ, ಆಂಟಿ. ಥೋಡಾ... ಇಲ್ಲ, ಸೇಮ್."

ಕಿಶೋರ ನಕ್ಕ. "ಮಾರೋನು ನಾನು, ಹೇಳಬಾರದು. ಮೊದ್ಲಿನ ಹಂಗ ಜಿಗಿತ ಈಗ ಇಲ್ಲ ವೈನಿ. ಕಾರ್ಡಿನೊಳಗಿನ ಚಿಪ್ ಇನ್ನೆಷ್ಟು ಸಣ್ಣದು ಮಾಡ್ತಾರ? ರೊಕ್ಕ ಡಬಲ್, ಫರಕು ಚಿಟಿಕಿಯಷ್ಟು. ಆಟ ಮಾಡೋರೂ ಹಳೇ ಕಾರ್ಡಿಗೆ ಹೊಂದೂ ಹಂಗ ಮಾಡ್ಲಿಕತ್ತಾರ. ನಿಮ್ಮವು ಇನ್ನೂ ಮೂರ್ನಾಲ್ಕು ವರ್ಷ ಆರಾಮ ಹೋಗ್ತಾವ."

ಶಿವಕುಮಾರಿ ಕುರ್ಚಿಯ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಹದಿನಾರು ವರ್ಷದಲ್ಲಿ ಮೊದಲ ಸಲ ಯಾರೂ ತನ್ನನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿಲ್ಲ ಎನ್ನಿಸಿತು. ಉಗುರು ಬಂದಾಯಿತು, ಇನ್ನು ಸಾಕು, ಹುಡುಗರು ಕೂತು ಆಡಲಿ. ನಾಳೆಯವರೆಗೆ ಕಾಯುವ ತಾಳ್ಮೆಯಿಲ್ಲದೆ ಅಲ್ಲೇ ಸೋಮನಾಥನಿಗೆ ಫೋನು ಹಚ್ಚಿ, ಜಾಗ ಕೊಡುವುದಿಲ್ಲ ಎಂದುಬಿಟ್ಟಳು.

ಸಂಜೆಗೆ ಸುದ್ದಿ ಹರಡಿ ಹತ್ತನೇ ಮಷೀನಿಗೆ ನೂಕುನುಗ್ಗಲಾಯಿತು. ಅನಿಲ ಜಗಳಾಡಿ ಅಲ್ಲಿಯೇ ಕೂತ, ಎಂದಿನಂತೆ ಸೋತ. ಈ ಸಲ ತಪ್ಪು ಕೀಬೋರ್ಡಿನದಂತೆ.

ಗದ್ದಲದ ನಡುವೆ ಸುಂದ್ರವ್ವ ಇನ್ನೂ ಮುಖ ಊದಿಸಿಕೊಂಡಿದ್ದಳು. "ನಾ ಮುಟ್ಟಿದ್ದ ತಪ್ಪಾತೇನು? ಹೇಳಿಬಿಡು, ಇನ್ನ ಮುಟ್ಟಾಂಗಿಲ್ಲ."

ಶಿವಕುಮಾರಿ ಮಧ್ಯಾಹ್ನ ಸರಿಸಿದ್ದ ತಾಟನ್ನು ಹತ್ತಿರಕ್ಕೆ ಎಳೆದು, ತಣ್ಣಗಾದ ರೊಟ್ಟಿ ಮುರಿದಳು.

"ಮುಂದಿನ ವರ್ಷದ ಪೂಜಿಗೆ ಹಲಗಿ ನೀವ ಇಡ್ರಿ ಅತ್ತಿ" ಎಂದಳು.