ಪುಸ್ತಕದಲ್ಲಿಲ್ಲದ ದೋಣಿಯವಳು

ಅವನು ಸಾಯುವ ಹಿಂದಿನ ಸಂಜೆ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಾ ಹೆಂಡತಿಗೆ ಕಥೆ ಹೇಳುತ್ತಿದ್ದ. ಸುಲಿದದ್ದರಲ್ಲಿ ಅರ್ಧ ಅವನ ಬಾಯಿಗೇ ಹೋಗುತ್ತಿತ್ತು.

ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಬೈಂಡಿಂಗ್ ವಿಭಾಗದಲ್ಲಿ ಅವನಿಗೆ ಕೆಲಸ. ಆ ಸಂಸ್ಥೆಗೆ ಹೆಸರು ತಂದದ್ದು ಮಕ್ಕಳ ಒಂದು ಮಾಯಾಲೋಕದ ಸರಣಿ. ನೆರಳು ಕಳೆದುಕೊಂಡ ರಾಜಕುಮಾರ ಅದನ್ನು ಹುಡುಕುತ್ತಾ ಲೋಕ ಸುತ್ತುವ ಕಥೆ. ಗಟ್ಟಿ ರಟ್ಟಿನ ಪ್ರತಿಗಳೆಲ್ಲ ಅವನ ಕೈಮೇಲೇ ಹೋಗುತ್ತಿದ್ದವು. ಅಲ್ಲಿ ಕಂಡದ್ದನ್ನು ಮನೆಗೆ ಬಂದು ಹೇಳುತ್ತಿದ್ದ. ಅವಳ ಓದು ಅಷ್ಟಕ್ಕಷ್ಟೆ, ಅಂಗಡಿ ಬೋರ್ಡು ಕೂಡಿಸಿ ಓದುವಷ್ಟು.

ರಾಜಕುಮಾರನ ಮೇಲೆ ಅವಳಿಗೆ ಅಂಥ ಅಕ್ಕರೆಯೇನೂ ಇರಲಿಲ್ಲ. ಇನ್ನೂ ಬೈಂಡಿಂಗ್‌ನಲ್ಲೇ ಇದ್ದ ಕೊನೆಯ ಭಾಗದಲ್ಲಿ ಬಂದ ದೋಣಿಯವಳು ಮಾತ್ರ ಮನಸ್ಸಿಗೆ ಹಿಡಿಸಿದ್ದಳು. ಎಡಗಾಲು ಎಳೆದು ನಡೆಯುವ, ರಾಜನಿಗೂ ರಾಕ್ಷಸನಿಗೂ ಒಂದೇ ಸಮ ಬೈಯುವ ಮುದುಕಿ. ಅಂದಿನ ಕಥೆಯಲ್ಲಿ, ರಾಜಕುಮಾರನನ್ನು ದಾಟಿಸುವಾಗ ಕಪ್ಪು ಸರೋವರದ ನಡುವೆ ಅವಳ ದೋಣಿಗೆ ತೂತು ಬಿದ್ದಿತ್ತು.

“ಆಮೇಲೆ?”

“ಆಮೇಲೆ ನಾಳೆ.”

“ರೀ, ಮುದುಕೀನ ನೀರಲ್ಲಿ ಬಿಟ್ಟು ನೀವು ಊಟಕ್ಕೆ ಕೂತ್ಕೋತೀರಾ?”

“ಅವಳು ಮುಳುಗೋ ಪೈಕಿ ಅಲ್ಲ ಕಣೇ. ಮೊದಲು ತಟ್ಟೆ ಹಾಕು.”

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವನು ಕೆಲಸದ ಮೇಜಿನ ಮೇಲೆ ತಲೆಯಿಟ್ಟ. ನಿದ್ದೆ ಹೋದನೆಂದು ಮೇಸ್ತ್ರಿ ಬೈದು ಎಬ್ಬಿಸಲು ಹೋದ. ಅವನು ಏಳಲಿಲ್ಲ.

ಮಗಳು ಬಂದು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬಂದವರೆಲ್ಲ ಸಮಾಧಾನ ಹೇಳಿದರು. ಅವಳು ಕೇಳಿಸಿಕೊಂಡಳು. ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ: ದೋಣಿಯವಳು ದಡ ಸೇರಿದಳೋ ಇಲ್ಲವೋ. ಗಂಡ ಸತ್ತಿರುವಾಗ ಇದೆಂಥ ಚಿಂತೆ ಎಂದು ತನಗೇ ನಾಚಿಕೆಯಾಯಿತು. ಆದರೆ ಅವನು ಹೇಳದೆ ಉಳಿಸಿ ಹೋದ ಮಾತು ಅದೊಂದೇ.

ಕೊನೆಯ ಭಾಗ ಅಂಗಡಿಗೆ ಬಂದಾಗ ಮಗಳು ತಂದುಕೊಟ್ಟಳು. ಮೊಮ್ಮಗಳು ಗಟ್ಟಿಯಾಗಿ ಓದಿದಳು. ಪುಸ್ತಕ ಮುಗಿಯುತ್ತಾ ಬಂತು.

“ದೋಣಿ ಎಲ್ಲಿ?”

“ದೋಣಿ ಇಲ್ಲ ಅಜ್ಜಿ. ರಾಜಕುಮಾರ ಹದ್ದಿನ ಮೇಲೆ ಕೂತು ಹಾರಿಹೋದ್ನಲ್ಲ.”

“ಸರಿಯಾಗಿ ನೋಡು. ಹಾಳೆ ಹಾರಿಸಿರ್ತೀಯ.”

“ಒಂದಕ್ಷರ ಬಿಟ್ಟಿಲ್ಲ! ಬೇಕಾದ್ರೆ ನೀನೇ ಓದ್ಕೋ.”

ಬೈಂಡರನ ಹೆಂಡತಿ ಅವಳು. ದೊಡ್ಡ ಹಾಳೆಯನ್ನು ಹದಿನಾರು ಪುಟಕ್ಕೆ ಮಡಚಿದರೆ ಒಂದು ಫಾರಂ. ಜೋಡಿಸುವಾಗ ಒಂದು ಫಾರಂ ಬಿಟ್ಟುಹೋದರೆ ಅಷ್ಟು ಕಥೆ ಮಾಯ. ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಬೈಂಡಿಂಗ್ ವಿಭಾಗಕ್ಕೆ ಹೋದಳು.

“ಮೇಸ್ತ್ರಿ, ಇದರಲ್ಲಿ ಒಂದು ಫಾರಂ ಬಿಟ್ಟಿದೆ. ಅವರಿದ್ದಾಗ ಇಂಥದ್ದು ಆಗ್ತಿರಲಿಲ್ಲ.”

ಮೇಸ್ತ್ರಿಗೆ ಉರಿಯಿತು. ಬೆರಳಿಟ್ಟು ಪುಟಗಳನ್ನೆಲ್ಲ ನೋಡಿದ. “ಎಲ್ಲಾ ಇದೆಯಲ್ಲಮ್ಮ. ಏನು ಬಿಟ್ಟಿದೆ?”

“ದೋಣಿಯವಳು.”

ಅವಳು ಕಥೆಯನ್ನು ಹೇಳಿದಳು. ಕೇಳುತ್ತಾ ಮೇಸ್ತ್ರಿಯ ಸಿಟ್ಟು ಇಳಿಯಿತು. ಗಂಡ ಕೆಲಸ ಮಾಡುತ್ತಿದ್ದ ಮೇಜಿನ ಬಳಿ ಅವಳನ್ನು ಕರೆದ. ಮಡಚಿದ ಫಾರಂಗಳು ಸಾಲಾಗಿ ಗುಡ್ಡೆ ಬಿದ್ದಿದ್ದವು. ಪ್ರತಿ ಗುಡ್ಡೆಯಲ್ಲೂ ಕಾಣುವುದು ಮೇಲಿನ ಒಂದು ಪುಟ. ಉಳಿದದ್ದೆಲ್ಲ ಮಡಿಕೆಯೊಳಗೆ.

“ಅವನು ನೋಡ್ತಿದ್ದದ್ದು ಇಷ್ಟೇ. ಬಿಡಿಸಿ ಓದ್ತಾ ಕೂತಿದ್ರೆ ನಾನು ಸುಮ್ನೆ ಇರ್ತಿದ್ನಾ? ಮೇಲಿನ ಪುಟ ಪುಸ್ತಕದ್ದು. ಒಳಗಿನದೆಲ್ಲ ಅವನೇ ತುಂಬಿಸ್ತಿದ್ದ ಅನ್ಸುತ್ತೆ.”

“ಸುಳ್ಳುಗಾರ,” ಅಂದಳು.

“ಕಾಲು ಎಳೀತಾ, ಕಂಡವರಿಗೆಲ್ಲ ಬೈತಾ ಇರೋ ಹೆಂಗಸನ್ನ ಎಲ್ಲಿಂದ ತಂದ ಅಂತ ನಾನು ಹೇಳ್ಬೇಕಾ?”

ಅವಳು ತನ್ನ ಎಡ ಮೊಣಕಾಲು ನೀವಿಕೊಂಡಳು. ಮೇಸ್ತ್ರಿ ಬೇರೆ ಕಡೆ ನೋಡಿದ.

ಬಸ್ಸಿನಲ್ಲಿ ಅಳು ಬಂತು, ನಡುವೆ ನಗುವೂ ಬಂತು. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ದೋಣಿ ಇನ್ನೂ ಸರೋವರದ ನಡುವೆಯೇ ಇತ್ತು. ಅದನ್ನು ದಡ ಮುಟ್ಟಿಸಲು ಈಗ ಯಾವ ಪುಸ್ತಕವೂ ಇಲ್ಲ.

ಮನೆಯಲ್ಲಿ ಮೊಮ್ಮಗಳು ಕಾಯುತ್ತಿದ್ದಳು. “ಫಾರಂ ಸಿಕ್ತಾ?”

“ಇಲ್ಲ. ನಿಮ್ಮ ತಾತ ಕಟ್ಟಿದ ಕಥೆಯಂತೆ ಅದು.”

“ಹೌದಾ! ಹಾಗಾದ್ರೆ ಮೊದಲಿಂದ ಹೇಳು.”

ಹೇಳಿದಳು. ದೋಣಿಗೆ ತೂತು ಬಿದ್ದಲ್ಲಿಗೆ ಅವನು ಹೇಳಿದ್ದು ಮುಗಿದಿತ್ತು. ಹುಡುಗಿ ಮೊಣಕೈ ಹಿಡಿದು ಅಲ್ಲಾಡಿಸಿದಳು.

“ಅವಳು ಏನು ಮಾಡಿದ್ಳು ಅಜ್ಜಿ?”

“ಮಾಡೋದೇನು,” ಅಂದಳು ಕೊನೆಗೆ. “ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೂತಿಗೆ ತುರುಕಿದ್ಳು. ರಾಜಕುಮಾರನ ಕೈಗೆ ಚೊಂಬು ಕೊಟ್ಟು, ‘ಪಿಳಿಪಿಳಿ ಅಂತ ಏನು ನೋಡ್ತೀಯೋ, ನೀರು ಮೊಗೆದು ಹಾಕು’ ಅಂದ್ಳು.”

ಹುಡುಗಿ ಬಿದ್ದು ಬಿದ್ದು ನಕ್ಕಳು. ಒಳಗಿನಿಂದ ಮಗಳೂ ಬಂದು ಬಾಗಿಲಿಗೆ ಒರಗಿ ನಿಂತಳು.

ದೋಣಿ ದಡ ಮುಟ್ಟಲು ಬಹಳ ದಿನ ಹಿಡಿಯಿತು. ಮುಟ್ಟಿತು. ದಡದಾಚೆ ಕಾಡಿತ್ತು, ಕಾಡಿನಲ್ಲಿ ಮತ್ತೇನೋ ಇತ್ತು.

ಈಗ ದಿನಾ ಬೆಳಿಗ್ಗೆ, ಶಾಲೆಯ ಹೊತ್ತಿಗೆ ಮೊದಲು, ಮೊಮ್ಮಗಳಿಗೆ ಜಡೆ ಹಾಕುವುದು ಅವಳ ಕೆಲಸ. ಹುಡುಗಿಯ ಕೂದಲು ಒರಟು, ಸಿಕ್ಕು ಜಾಸ್ತಿ. ಕಥೆ ಹೇಳುತ್ತಾ ಸಿಕ್ಕು ಬಿಡಿಸುತ್ತಾಳೆ. ಒಂದು ಜಡೆ ಮುಗಿದೊಡನೆ ಹುಡುಗಿ ತಾನಾಗಿಯೇ ತಿರುಗಿ ಇನ್ನೊಂದು ಪಕ್ಕ ಕೊಡುತ್ತಾಳೆ.